ಎರಡು ಕಂಬದ ಕಾರ್ ಲಿಫ್ಟ್: ಮನೆಯ ಶೆಡ್ಡಿಗೆ ತರುವ ಮೊದಲು

ಎರಡು ಕಂಬದ ಕಾರ್ ಲಿಫ್ಟ್ ಎಂದರೆ ಎದುರುಬದುರಾಗಿ ನಿಲ್ಲಿಸಿದ ಎರಡು ಉಕ್ಕಿನ ಕಂಬಗಳು, ಪ್ರತಿ ಕಂಬದಲ್ಲಿ ಮೇಲೆ ಕೆಳಗೆ ಸರಿಯುವ ಒಂದು ಗಾಡಿ, ಆ ಗಾಡಿಗೆ ಜೋಡಿಸಿದ ಎರಡೆರಡು ತೋಳು. ನಾಲ್ಕೂ ತೋಳುಗಳನ್ನು ಕಾರಿನ ಅಡಿಗೆ ತಿರುಗಿಸಿ, ತುದಿಯ ರಬ್ಬರ್ ಪ್ಯಾಡುಗಳನ್ನು ಚಾಸಿಗೆ ತಾಗಿಸಿ ಗುಂಡಿ ಒತ್ತಿದರೆ, ಒಂದು ನಿಮಿಷದ ಆಸುಪಾಸಿನಲ್ಲಿ ಕಾರು ಆಳೆತ್ತರಕ್ಕೆ ಏರುತ್ತದೆ. ನಾಲ್ಕು ಚಕ್ರಗಳೂ ಗಾಳಿಯಲ್ಲಿ ತೂಗುವುದರಿಂದ ಬ್ರೇಕು, ಸಸ್ಪೆನ್ಷನ್, ಕ್ಲಚ್, ಗೇರ್‌ಬಾಕ್ಸ್, ಸೈಲೆನ್ಸರ್ ಎಲ್ಲಕ್ಕೂ ನಿಂತುಕೊಂಡೇ ಕೈ ಹಾಕಬಹುದು.

ದೊಡ್ಡ ಕಂಪನಿಗಳ ಸರ್ವಿಸ್ ಸೆಂಟರುಗಳಲ್ಲಷ್ಟೇ ಕಾಣುತ್ತಿದ್ದ ಈ ಯಂತ್ರ ಈಗ ಮನೆಗೆ ಹೊಂದಿಕೊಂಡ ಶೆಡ್ಡುಗಳಿಗೂ ಬರುತ್ತಿದೆ. ಚಿತ್ರದುರ್ಗ ಜಿಲ್ಲೆಗೆ ಇದು ಹೊಂದುವ ಬೆಳವಣಿಗೆ. ಬೆಂಗಳೂರು–ಪುಣೆ ರಾಷ್ಟ್ರೀಯ ಹೆದ್ದಾರಿ 48 ಹಿರಿಯೂರು, ಚಿತ್ರದುರ್ಗಗಳ ಮೇಲೆ ಹಾದುಹೋಗುತ್ತದೆ. ಹೊಸಪೇಟೆಯ ಕಡೆಗೆ ಹೆದ್ದಾರಿ 50 ಚಿತ್ರದುರ್ಗದಿಂದಲೇ ಹೊರಡುತ್ತದೆ. ಹೊಳಲ್ಕೆರೆಯ ಮೇಲೆ ಶಿವಮೊಗ್ಗಕ್ಕೆ ಒಂದು ದಾರಿ, ಹಿರಿಯೂರಿನಲ್ಲಿ ಬಳ್ಳಾರಿ–ಮೈಸೂರು ದಿಕ್ಕಿನ 150ಎ ಮತ್ತೊಂದು. ಇಷ್ಟು ದಾರಿಗಳು ಕೂಡುವ ಕಡೆ ಟ್ಯಾಕ್ಸಿ, ಪಿಕಪ್, ಬೊಲೆರೊಗಳಿಗೆ ಕೊರತೆಯಿಲ್ಲ; ಅವುಗಳ ರಿಪೇರಿ ಬಲ್ಲವರಿಗೂ ಕೊರತೆಯಿಲ್ಲ. ಚಿತ್ರದುರ್ಗದ ಹತ್ತಿರದ ಮದಕರಿಪುರದಂಥ ಊರಿನಲ್ಲಿ ಮನೆಯ ಪಕ್ಕದ ಶೀಟಿನ ಶೆಡ್ಡಿನಲ್ಲಿ ಇಂಥ ಲಿಫ್ಟ್ ಕೂರಿಸಬೇಕಾದರೆ ಏನೇನು ನೋಡಬೇಕು ಎಂಬುದೇ ಇಲ್ಲಿನ ವಿಷಯ. ಯಂತ್ರ ಕೊಳ್ಳುವುದು ಅದರಲ್ಲಿ ಸುಲಭದ ಭಾಗ. ಲಿಫ್ಟಿನ ಭದ್ರತೆಯ ಮುಕ್ಕಾಲು ಪಾಲು ಅದರಡಿಯ ನೆಲದಲ್ಲಿದೆ.

ಗುಂಡಿಯಿಂದ ಕಂಬದವರೆಗೆ

ವಾಹನದ ಅಡಿಗೆ ಹೋಗಲು ನಮ್ಮ ಕಡೆಯ ಹಳೆಯ ಉಪಾಯ ನೆಲದಲ್ಲಿ ತೋಡಿದ ಗುಂಡಿ. ಲಾರಿ, ಟ್ರಾಕ್ಟರುಗಳಿಗೆ ಅದು ಇಂದಿಗೂ ಸರಿಯೇ. ಆದರೆ ಪೆಟ್ರೋಲಿನ ಆವಿ ಮತ್ತು ಎಲ್‌ಪಿಜಿ ಅನಿಲ ಗಾಳಿಗಿಂತ ಭಾರ. ಸೋರಿಕೆಯಾದರೆ ಅವು ಗುಂಡಿಯ ತಳದಲ್ಲಿ ನಿಲ್ಲುತ್ತವೆ, ಒಂದು ಕಿಡಿ ಸಾಕು. ಜೊತೆಗೆ ಗುಂಡಿಯ ಮೇಲೆ ನಿಂತ ಕಾರಿನ ಚಕ್ರ ಬಿಚ್ಚಲು ಮತ್ತೆ ಜಾಕಿಯೇ ಬೇಕು. ಜಾಕಿ ಕೊಟ್ಟು ಸ್ಟ್ಯಾಂಡ್ ಇಡುವುದು ಚಿಕ್ಕ ಕೆಲಸಕ್ಕೆ ಸಾಕು; ಗೇರ್‌ಬಾಕ್ಸ್ ಇಳಿಸಲು ಬೆನ್ನಮೇಲೆ ಮಲಗಿ ಒದ್ದಾಡಬೇಕು. ವಾಟರ್ ಸರ್ವಿಸ್ ಅಂಗಡಿಗಳಲ್ಲಿ ಕಾಣುವ ಒಂಟಿ ಕೊಳವೆಯ ಹೈಡ್ರಾಲಿಕ್ ಲಿಫ್ಟ್ ತೊಳೆಯಲು ಅನುಕೂಲ, ಆದರೆ ಕಾರಿನ ನಡುಭಾಗವನ್ನೇ ಮರೆಮಾಡುತ್ತದೆ. ನಾಲ್ಕು ಕಂಬದ ಲಿಫ್ಟಿನಲ್ಲಿ ಕಾರು ಚಕ್ರದ ಮೇಲೆಯೇ ನಿಂತಿರುವುದರಿಂದ ಅದು ಹೆಚ್ಚು ನಿಶ್ಚಿಂತೆ, ನೆಲಕ್ಕೂ ಹಗುರ. ಜಾಗ ಮಾತ್ರ ಹೆಚ್ಚು ತಿನ್ನುತ್ತದೆ.

ಎಣ್ಣೆಯ ಒತ್ತಡದಿಂದ ಕಾರು ಎತ್ತುವ ಯಂತ್ರಕ್ಕೆ ನೂರು ವರ್ಷ ತುಂಬಿದೆ. ಅಮೆರಿಕದ ಮೆಂಫಿಸ್ ನಗರದ ಪೀಟರ್ ಲುನಾಟಿ ಎಂಬಾತ ಕ್ಷೌರದಂಗಡಿಯ ಏರಿಳಿಯುವ ಕುರ್ಚಿಯನ್ನು ನೋಡಿ ಇದನ್ನು ಯೋಚಿಸಿ 1925ರಲ್ಲಿ ಪೇಟೆಂಟ್ ಪಡೆದ. ಆತ ಕಟ್ಟಿದ್ದು ನೆಲದಲ್ಲಿ ಹೂತ ಒಂಟಿ ಕೊಳವೆಯ ಲಿಫ್ಟ್. ನೆಲ ಅಗೆಯದೆ ಮೇಲೆಯೇ ಬೋಲ್ಟ್ ಹಾಕಿ ನಿಲ್ಲಿಸುವ ಕಂಬಗಳು ಬಳಕೆಗೆ ಬಂದದ್ದು ಬಹಳ ನಂತರ. ಭಾರತದಲ್ಲಿ ಕೊಯಮತ್ತೂರು ಈ ಬಗೆಯ ಗ್ಯಾರೇಜ್ ಸಲಕರಣೆಗಳ ಒಂದು ಮುಖ್ಯ ಕೇಂದ್ರ.

ಒಳಗೆ ನಡೆಯುವುದೇನು

ಒಂದು ಕಂಬದ ಬದಿಗೆ ಮೋಟಾರು, ಪಂಪು, ಎಣ್ಣೆಯ ಡಬ್ಬ ಕೂಡಿದ ಘಟಕವಿರುತ್ತದೆ. ಮೋಟಾರು ಸಾಮಾನ್ಯವಾಗಿ 2.2 ಕಿಲೋವ್ಯಾಟ್, ಅಂದರೆ 3 ಎಚ್‌ಪಿ. ಅದು ಒತ್ತುವ ಎಣ್ಣೆ ಎರಡೂ ಕಂಬಗಳೊಳಗಿನ ಸಿಲಿಂಡರುಗಳಿಗೆ ಹರಿದು ಪಿಸ್ಟನ್ನುಗಳನ್ನು ಎತ್ತುತ್ತದೆ. ಹಲವು ಮಾದರಿಗಳಲ್ಲಿ ಪಿಸ್ಟನ್ನಿನ ತುದಿಯ ರಾಟೆಯ ಮೇಲೆ ಚೈನು ಹಾಯುತ್ತದೆ. ಪಿಸ್ಟನ್ನು ಒಂದಡಿ ಏರಿದರೆ ಗಾಡಿ ಎರಡಡಿ ಏರುತ್ತದೆ. ಅದಕ್ಕೆ ಬೆಲೆಯಾಗಿ ಪಿಸ್ಟನ್ನು ಎರಡು ಪಟ್ಟು ಭಾರ ಹೊರಬೇಕು. 63 ಮಿ.ಮೀ. ವ್ಯಾಸದ ಪಿಸ್ಟನ್ನಿನ ಮುಖ ಸುಮಾರು 31 ಚದರ ಸೆಂಟಿಮೀಟರ್. 4 ಟನ್ ಲಿಫ್ಟಿನ ಪ್ರತಿ ಕಂಬಕ್ಕೆ 2 ಟನ್, ಚೈನಿನಿಂದಾಗಿ ಪಿಸ್ಟನ್ನಿಗೆ 4 ಟನ್. ಹಾಗಾಗಿ ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ 130 ಕೆ.ಜಿ.ಯ ಹತ್ತಿರ ಬರುತ್ತದೆ, ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡದ ಐವತ್ತು ಪಟ್ಟಿಗೂ ಹೆಚ್ಚು. ಸೋರುವ ಪೈಪನ್ನು ಬೆರಳಿನಿಂದ ಮುಟ್ಟಿ ನೋಡಬಾರದು ಎನ್ನುವುದು ಇದಕ್ಕೇ: ಸೂಜಿಮೊನೆಯಷ್ಟು ಸಣ್ಣ ಧಾರೆಯೂ ಚರ್ಮ ತೂರಿ ಒಳಗೆ ಹೋಗಬಲ್ಲದು.

ಎಣ್ಣೆ ಸದಾ ಹಗುರವಾದ ಕಡೆಗೇ ಮೊದಲು ಹರಿಯುತ್ತದೆ. ಕಾರಿನ ಒಂದು ಮಗ್ಗುಲು ಸ್ವಲ್ಪ ಹಗುರವಿದ್ದರೂ ಆ ಕಡೆಯ ಗಾಡಿ ಮುಂದೋಡಿ ಕಾರು ವಾಲಬೇಕಿತ್ತು. ಅದನ್ನು ತಡೆಯಲು ಎರಡೂ ಗಾಡಿಗಳನ್ನು ಉಕ್ಕಿನ ಹಗ್ಗಗಳು ಅಡ್ಡಡ್ಡ ಕಟ್ಟಿರುತ್ತವೆ. ಒಂದು ಏರಿದಷ್ಟೇ ಇನ್ನೊಂದನ್ನೂ ಎಳೆಯುವುದು ಈ ಹಗ್ಗಗಳ ಕೆಲಸ. ಹಗ್ಗ, ಪೈಪುಗಳನ್ನು ಒಯ್ಯಲು ಎರಡು ದಾರಿ. ನೆಲದ ಮೇಲೆ ತಗಡಿನ ಮುಚ್ಚಳದಡಿ ಒಯ್ದರೆ ಕಂಬಗಳು ಸುಮಾರು 2.8 ಮೀಟರ್ ಇದ್ದರೆ ಸಾಕು, ನಡುವೆ ನೆಲದಲ್ಲೊಂದು ಉಬ್ಬು ಉಳಿಯುತ್ತದೆ. ಮೇಲಿನ ಅಡ್ಡತೊಲೆಯ ಮೂಲಕ ಒಯ್ದರೆ ನೆಲ ಚೊಕ್ಕ, ಆದರೆ ಎತ್ತರ 3.6 ಮೀಟರ್ ದಾಟುತ್ತದೆ. ಮನೆಯ ಶೆಡ್ಡಿಗೆ ಹೆಚ್ಚಾಗಿ ಹೊಂದುವುದು ಮೊದಲನೆಯದು.

ಎತ್ತಿದ ಕಾರನ್ನು ಹಿಡಿದು ನಿಲ್ಲಿಸುವುದು ಎಣ್ಣೆಯಲ್ಲ. ಕಂಬದೊಳಗೆ ಸುಮಾರು 10 ಸೆಂ.ಮೀ.ಗೊಂದರಂತೆ ಕಚ್ಚುಗಳಿದ್ದು, ಗಾಡಿ ಏರುವಾಗ ಉಕ್ಕಿನ ನಾಲಿಗೆ ಒಂದೊಂದರ ಮೇಲೂ ‘ಟಕ್ ಟಕ್’ ಎಂದು ಬೀಳುತ್ತ ಹೋಗುತ್ತದೆ. ಬೇಕಾದ ಎತ್ತರ ಮುಟ್ಟಿದ ಮೇಲೆ ಸ್ವಲ್ಪ ಇಳಿಸಿ ಎರಡೂ ಕಡೆಯ ನಾಲಿಗೆಗಳ ಮೇಲೆ ಭಾರ ಕೂರಿಸಿದ ನಂತರವೇ ಅಡಿಗೆ ಹೋಗಬೇಕು. ಆಗ ಪೈಪು ಒಡೆದರೂ ಕಾರು ಇದ್ದಲ್ಲೇ ಇರುತ್ತದೆ.

ಜಾಗ ಮತ್ತು ಎತ್ತರ

ಲಿಫ್ಟಿನ ಹೊರ ಅಗಲ ಸುಮಾರು 3.4 ಮೀಟರ್. ಬಾಗಿಲು ತೆರೆದು, ಕಂಬದ ಹಿಂದೆ ಆಳು ಓಡಾಡಬೇಕೆಂದರೆ 14 ಅಡಿ ಅಗಲ, ಕಾರಿನ ಹಿಂದೆ ಮುಂದೆ ಮೂರು ಮೂರಡಿ ಬಿಟ್ಟು 23 ಅಡಿ ಉದ್ದ ಬೇಕಾಗುತ್ತದೆ. 30×40 ಅಡಿಯ ನಿವೇಶನದಲ್ಲಿ ಮನೆ ಕಟ್ಟಿ ಉಳಿದ ಜಾಗದಲ್ಲಿ ಇದು ಹಿಡಿಸುವುದಿಲ್ಲ. ಮನೆಯ ಪಕ್ಕ ಇನ್ನೊಂದು ನಿವೇಶನವೋ ಹಿತ್ತಲೋ ಇದ್ದವರಿಗಷ್ಟೇ ಸಾಧ್ಯ.

ಅಗಲಕ್ಕಿಂತ ತೊಡಕಿನದು ಎತ್ತರ. ನಮ್ಮ ಆರ್‌ಸಿಸಿ ಮನೆಗಳ ಚಾವಣಿ ಸಾಮಾನ್ಯವಾಗಿ 10 ಅಡಿ, ಅಂದರೆ 3.05 ಮೀಟರ್. ಒಬ್ಬರು ನೆಟ್ಟಗೆ ನಿಂತು ಕೆಲಸ ಮಾಡಲು ಚಕ್ರಗಳು ನೆಲದಿಂದ 1.6 ಮೀಟರಾದರೂ ಏರಬೇಕು. ಒಂದೂವರೆ ಮೀಟರ್ ಎತ್ತರದ ಮಾರುತಿ ಸ್ವಿಫ್ಟಿನ ತಲೆ ಆಗ 3.1 ಮೀಟರ್ ಮುಟ್ಟಿ ಚಾವಣಿಗೆ ತಾಗುತ್ತದೆ. 1.88 ಮೀಟರ್ ಎತ್ತರದ ಬೊಲೆರೊಗೆ ಸುಮಾರು 3.5 ಮೀಟರ್ ಬೇಕು. ಬಾನೆಟ್ಟೋ ಡಿಕ್ಕಿಯೋ ತೆರೆದಿದ್ದರೆ ಇನ್ನೂ ಹೆಚ್ಚು. ಆದ್ದರಿಂದ 13 ಅಡಿಗೆ ಕಡಿಮೆಯಿಲ್ಲದ, ಕಬ್ಬಿಣದ ಟ್ರಸ್ಸಿನ ಮೇಲೆ ಶೀಟು ಹೊದೆಸಿದ ಶೆಡ್ಡೇ ಸೂಕ್ತ. ಫ್ಯಾನು, ಲೈಟುಗಳನ್ನು ಕಾರಿನ ನೇರಕ್ಕಲ್ಲದೆ ಬದಿಗೆ ಕಟ್ಟಬೇಕು.

ಎತ್ತರದ ಶೆಡ್ಡು ಎಂದೊಡನೆ ಚಿತ್ರದುರ್ಗದಲ್ಲಿ ಗಾಳಿಯ ಪ್ರಶ್ನೆ ಬರುತ್ತದೆ. ಕೋಟೆಯ ಸುತ್ತಣ ಗುಡ್ಡಸಾಲುಗಳ ಮೇಲೆ ಗಾಳಿಯಂತ್ರಗಳ ಸಾಲೇ ನಿಂತಿರುವುದು ಇಲ್ಲಿನ ಗಾಳಿಯನ್ನು ನಂಬಿ. ಆಷಾಢದ ಗಾಳಿ ಮೂರು ಕಡೆ ತೆರೆದ ಶೆಡ್ಡಿನೊಳಗೆ ನುಗ್ಗಿದರೆ ಶೀಟನ್ನು ಕೆಳಗಿನಿಂದ ಎತ್ತುತ್ತದೆ. ಟ್ರಸ್ಸನ್ನು ತನ್ನದೇ ಕಂಬಗಳ ಮೇಲೆ, ತನ್ನದೇ ಅಡಿಪಾಯದಲ್ಲಿ ನಿಲ್ಲಿಸಬೇಕು. ಲಿಫ್ಟಿನ ಕಂಬ ಹೇಗೂ ಇದೆಯಲ್ಲ ಎಂದು ಅದಕ್ಕೆ ಟ್ರಸ್ಸನ್ನೋ ಗೋಡೆಯನ್ನೋ ಬೆಸುಗೆ ಹಾಕುವುದು ಎರಡನ್ನೂ ಕೆಡಿಸಿದಂತೆ.

ನೆಲ ಹೊರುವ ಭಾರ

ಲಿಫ್ಟಿನ ಕಂಬ ಭಾರವನ್ನು ನೇರ ಕೆಳಗೆ ಒತ್ತುತ್ತದೆ ಎಂದುಕೊಳ್ಳುವುದು ಸಹಜ. ನಿಜವಾಗಿ ಅದು ತುಂಬಿದ ಕೊಡವನ್ನು ಚಾಚಿದ ತೋಳಿನಲ್ಲಿ ಹಿಡಿದವನಂತೆ ಸದಾ ಮುಂದಕ್ಕೆ ಬಾಗಲು ನೋಡುತ್ತಿರುತ್ತದೆ. ಕಾರು ಇರುವುದು ಕಂಬದ ಮುಂದೆ, ತೋಳಿನ ತುದಿಯಲ್ಲಿ. 1,600 ಕೆ.ಜಿ.ಯ ವಾಹನವೊಂದರಲ್ಲಿ ಪ್ರತಿ ಕಂಬದ ಪಾಲು 800 ಕೆ.ಜಿ. ಈ ಭಾರ ಕಂಬದ ಅಡಿತಟ್ಟೆಯ ಮುಂದಿನ ಅಂಚಿಗಿಂತ 60 ಸೆಂ.ಮೀ. ಆಚೆ ಬೀಳುತ್ತದೆ, ಹಿಂದಿನ ಬೋಲ್ಟುಗಳು ಆ ಅಂಚಿನಿಂದ 35 ಸೆಂ.ಮೀ. ಈಚೆ ಇವೆ ಎಂದಿಟ್ಟುಕೊಂಡರೆ, ಹಿಂದಿನ ಬೋಲ್ಟುಗಳನ್ನು ನೆಲದಿಂದ ಕೀಳುವ ಬಲ 800 × 60 ÷ 35, ಅಂದರೆ ಸುಮಾರು 1,370 ಕೆ.ಜಿ.ಭಾರ. ಹಿಂದೆ ಎರಡು ಬೋಲ್ಟಿದ್ದರೆ ಒಂದೊಂದಕ್ಕೂ ಏಳುನೂರು ಕೆ.ಜಿ.ಯ ಹತ್ತಿರ. ಲಿಫ್ಟಿನ ಪೂರ್ಣ ಸಾಮರ್ಥ್ಯವಾದ 4 ಟನ್ ಹೇರಿದರೆ ಅದು 1,700 ಕೆ.ಜಿ. ದಾಟುತ್ತದೆ. ಈ ಎಳೆತವನ್ನು ತಡೆದಿರುವುದು ಬೋಲ್ಟಿನ ಸುತ್ತಣ ನಾಲ್ಕೈದು ಅಂಗುಲ ಕಾಂಕ್ರೀಟ್ ಮಾತ್ರ.

ಮನೆಯ ಪಾರ್ಕಿಂಗಿನ ನೆಲ ಇದಕ್ಕೆಂದು ಮಾಡಿದ್ದಲ್ಲ. ಮಣ್ಣು ತುಂಬಿ, ಮೇಲೆ ಮೂರು ಅಂಗುಲ ಬೆಡ್ ಕಾಂಕ್ರೀಟ್ ಹಾಕಿ, ಟೈಲ್ಸೋ ಗಾರೆಯೋ ಕಲ್ಲುಚಪ್ಪಡಿಯೋ ಹೊದೆಸಿರುತ್ತಾರೆ. ಮೇಲಿನಿಂದ ಎಷ್ಟೇ ಗಟ್ಟಿ ಕಂಡರೂ ಅದರಲ್ಲಿ ಬೋಲ್ಟು ಹಿಡಿಯುವುದಿಲ್ಲ. ತಯಾರಕರ ಕೈಪಿಡಿಗಳು ಕೇಳುವ ಕನಿಷ್ಠ ದಪ್ಪ ಮಾದರಿಗೊಂದರಂತೆ ಬೇರೆ, 100 ಮಿ.ಮೀ.ಗೆ ಕಡಿಮೆ ಸಾಮಾನ್ಯವಾಗಿ ಹೇಳುವುದಿಲ್ಲ, 200 ಮಿ.ಮೀ. ಕೇಳುವವರೂ ಇದ್ದಾರೆ. ಇರುವ ನೆಲವನ್ನೇ ನಂಬುವುದಾದರೆ ಕಂಬ ನಿಲ್ಲುವ ಎರಡೂ ಕಡೆ ಸಣ್ಣ ತೂತು ಕೊರೆದು ದಪ್ಪ ಅಳೆದು ನೋಡಬೇಕು. ಸಂದೇಹವಿದ್ದರೆ ಒಡೆದು ಹೊಸದಾಗಿ ಹಾಕುವುದೇ ಅಗ್ಗ.

ನೆಲದಡಿಯ ಮಣ್ಣಿನಲ್ಲೂ ಈ ಜಿಲ್ಲೆ ಒಂದೇ ತೆರನಾಗಿಲ್ಲ. ಚಿತ್ರದುರ್ಗದ ಸುತ್ತ ಬಹಳ ಕಡೆ ಎರಡು ಮೂರಡಿ ಅಗೆದರೆ ಗರಸೋ ಬಂಡೆಯೋ ಸಿಗುತ್ತದೆ. ಅದರ ಮೇಲೆ ಕೂತ ಕಾಂಕ್ರೀಟ್ ಕುಸಿಯುವ ಭಯವಿಲ್ಲ. ಹಿರಿಯೂರು, ಚಳ್ಳಕೆರೆ ಕಡೆಯ ಎರೆಭೂಮಿಯ ಮಾತೇ ಬೇರೆ. ಎರೆಮಣ್ಣು ಮಳೆಗೆ ಉಬ್ಬಿ, ಬೇಸಗೆಗೆ ಕುಗ್ಗಿ ಬಿರಿಯುತ್ತದೆ. ಒಂದು ಕಂಬದ ಅಡಿಯಲ್ಲಷ್ಟೇ ಉಬ್ಬಿದರೂ ಕಂಬ ಓರೆಯಾಗುತ್ತದೆ. ಅಲ್ಲಿ ಎರೆಯನ್ನು ಆಳಕ್ಕೆ ತೆಗೆದು, ಗರಸನ್ನು ಅರ್ಧರ್ಧ ಅಡಿಯ ಪದರವಾಗಿ ತುಂಬಿ, ನೀರು ಚಿಮುಕಿಸಿ ಗುದ್ದಿ ಗಟ್ಟಿಮಾಡಬೇಕು. ಶೆಡ್ಡಿನ ಸುತ್ತ ಮಳೆನೀರು ನಿಲ್ಲದಂತೆ ಇಳಿಜಾರು ಕೊಡಬೇಕು. ಹೊಳಲ್ಕೆರೆ, ಹೊಸದುರ್ಗದ ತೋಟದ ಮನೆಗಳಲ್ಲಿ ನೀರು ಹಾಯುವ ತೆಂಗು, ಅಡಿಕೆ ಸಾಲಿಗೆ ಹೊಂದಿಕೊಂಡು ಶೆಡ್ಡು ಕಟ್ಟದಿರುವುದು ಲೇಸು.

ಕಾಂಕ್ರೀಟಿನ ಕೆಲಸ

ಪ್ರತಿ ಕಂಬದಡಿಗೆ ಬೇರೆ ಬೇರೆ ಗುಂಡಿ ತೆಗೆದು ಕಾಂಕ್ರೀಟ್ ತುಂಬುವುದು ರೂಢಿ. ಅದಕ್ಕಿಂತ ಎರಡೂ ಕಂಬಗಳನ್ನು ಹೊರುವ ಒಂದೇ ಪಟ್ಟಿ ಉತ್ತಮ. ಎಡಗಂಬ ಬಲಕ್ಕೆ, ಬಲಗಂಬ ಎಡಕ್ಕೆ ಬಾಗಲು ನೋಡುವುದರಿಂದ ಒಂದೇ ಪಟ್ಟಿಯಲ್ಲಿ ಎರಡರ ತಿರುಚುಬಲವೂ ಒಂದನ್ನೊಂದು ಕಳೆದುಕೊಳ್ಳುತ್ತವೆ. 4.5 ಮೀಟರ್ ಉದ್ದ, 1.5 ಮೀಟರ್ ಅಗಲ, 25 ಸೆಂ.ಮೀ. ದಪ್ಪದ ಪಟ್ಟಿಗೆ ಸುಮಾರು 1.7 ಘನ ಮೀಟರ್ ಕಾಂಕ್ರೀಟ್ ಹಿಡಿಯುತ್ತದೆ. ಮೇಲೂ ಕೆಳಗೂ ಎರಡು ಪದರ ಕಂಬಿಜಾಲರಿ ಇರಲಿ. ಬೋಲ್ಟು ಇಳಿಯುವ ಜಾಗದಲ್ಲಿ ಕಂಬಿ ಅಡ್ಡ ಬಾರದಂತೆ ಮೊದಲೇ ಅಡಿತಟ್ಟೆಯ ತೂತುಗಳ ನಕಲು ಮಾಡಿಟ್ಟುಕೊಂಡು ಕಂಬಿ ಕಟ್ಟಬೇಕು. ಅಳತೆ, ಕಂಬಿಗಳ ಲೆಕ್ಕವನ್ನು ಸಿವಿಲ್ ಎಂಜಿನಿಯರೊಬ್ಬರಿಂದ ಸ್ಥಳದ ಮಣ್ಣು ನೋಡಿಸಿಯೇ ನಿರ್ಧರಿಸಬೇಕು.

ಕಾಂಕ್ರೀಟ್ ಎಂ25 ದರ್ಜೆಯದಾದರೆ ಒಳ್ಳೆಯದು. ದರ್ಜೆಯ ಅಂಕಿ 28 ದಿನಗಳ ನಂತರ ಅದು ತಾಳಬೇಕಾದ ಒತ್ತಡವನ್ನು ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಎಂದು ಹೇಳುತ್ತದೆ. ಬಾಣಲಿ ಲೆಕ್ಕದಲ್ಲಿ ಸಿಮೆಂಟು, ಮರಳು, ಜಲ್ಲಿ ಕಲಸುವುದನ್ನು ಭಾರತೀಯ ಮಾನಕ ಐಎಸ್ 456 ಎಂ20ರವರೆಗೆ ಮಾತ್ರ ಒಪ್ಪುತ್ತದೆ. ಎಂ25ಕ್ಕೆ ತೂಕದ ಲೆಕ್ಕದಲ್ಲಿ ವಿನ್ಯಾಸ ಮಾಡಿದ ಮಿಶ್ರಣ ಬೇಕು. ರೆಡಿಮಿಕ್ಸ್ ತರಿಸಿದರೆ ಅದು ಸುಲಭ. ಇದೇ ಮಾನಕ ಒಣಹವೆಯ, ಬಿಸಿಲಿನ ಊರುಗಳಲ್ಲಿ ಕನಿಷ್ಠ 10 ದಿನ ನೀರುಣಿಸಬೇಕೆಂದು ಹೇಳುತ್ತದೆ. ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಾದರೆ 14 ದಿನಕ್ಕೆ ಒಯ್ಯುವುದು ಉಚಿತ. ಚಿತ್ರದುರ್ಗದ ಒಣಗಾಳಿಯಲ್ಲಿ ಹಾಕಿದ ಕೆಲವೇ ಗಂಟೆಗಳಲ್ಲಿ ಮೇಲ್ಮೈ ಬಿಳಿಚಿಕೊಂಡು ಕೂದಲೆಳೆಯ ಬಿರುಕು ಬಿಡುತ್ತದೆ. ಸಂಜೆ ಹೊತ್ತು ಹಾಕಿ, ಕೂಡಲೇ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮರುದಿನದಿಂದ ಒದ್ದೆ ಗೋಣಿಚೀಲ ಹೊದೆಸಿಟ್ಟರೆ ಬಿರುಕು ತಪ್ಪುತ್ತದೆ. 28 ದಿನ ತುಂಬುವವರೆಗೆ ಡ್ರಿಲ್ಲಿಂಗ್ ಮಿಷನ್ನು ಹತ್ತಿರ ಸುಳಿಯಬಾರದು.

ಕರೆಂಟು ಮತ್ತು ಕಾಗದಪತ್ರ

2.2 ಕಿಲೋವ್ಯಾಟಿನ ಸಿಂಗಲ್ ಫೇಸ್ ಮೋಟಾರು ಓಡುವಾಗ 13ರಿಂದ 16 ಆಂಪಿಯರ್ ಎಳೆಯುತ್ತದೆ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಮನೆಯ ಪ್ಲಗ್ಗಿಗೆ ಸಿಕ್ಕಿಸಿ ನಡೆಸುವ ಯಂತ್ರ ಇದಲ್ಲ. ಮೇನ್ ಬೋರ್ಡಿನಿಂದ ಪ್ರತ್ಯೇಕ ದಪ್ಪ ಕೇಬಲ್, ಮೋಟಾರಿಗೆ ಹೊಂದುವ ಎಂಸಿಬಿ, ಸೋರುವ ವಿದ್ಯುತ್ತನ್ನು ಹಿಡಿದು ಕಡಿಯುವ ಆರ್‌ಸಿಸಿಬಿ, ಬೀಗ ಹಾಕಬಹುದಾದ ಸ್ವಿಚ್ಚು ಇಷ್ಟೂ ಬೇಕು. ಮನೆಯ ಮಂಜೂರಾದ ಲೋಡ್ ಕಡಿಮೆಯಿದ್ದರೆ ಬೆಸ್ಕಾಂನಲ್ಲಿ ಅದನ್ನು ಹೆಚ್ಚಿಸಿಕೊಳ್ಳಬೇಕು. ತ್ರೀ ಫೇಸ್ ಸಂಪರ್ಕವಿದ್ದರೆ ಅದಕ್ಕೆ ತಕ್ಕ ಮೋಟಾರೇ ಮೇಲು. ವೋಲ್ಟೇಜ್ ಕುಸಿದಾಗ ಸಿಂಗಲ್ ಫೇಸ್ ಮೋಟಾರು ಬೇಗ ಬಿಸಿಯಾಗುತ್ತದೆ. ಪಂಪ್‌ಸೆಟ್ಟಿಗೆ ಕೊಟ್ಟ ಲೈನಿನಿಂದ ಶೆಡ್ಡಿಗೆ ಎಳೆಯುವುದು ಕಾನೂನಿಗೆ ವಿರುದ್ಧ.

ಮಳೆ ಕಡಿಮೆಯ ಈ ಸೀಮೆಯಲ್ಲಿ ಅರ್ಥಿಂಗ್ ಬಗ್ಗೆ ವಿಶೇಷ ಗಮನ ಬೇಕು. ಒಣಗಿದ ಗರಸು ವಿದ್ಯುತ್ತನ್ನು ಸರಿಯಾಗಿ ಒಯ್ಯುವುದಿಲ್ಲ. ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಬೇಸಗೆಯಲ್ಲಿ ಆಗಾಗ ನೀರು ಹಾಕುತ್ತಿರಬೇಕು. ಕರೆಂಟು ಹೋದಾಗ ಲಿಫ್ಟ್ ಮೇಲಿದ್ದರೆ ಕಾರು ಬೀಳುವುದಿಲ್ಲ, ಆದರೆ ಇಳಿಯುವುದೂ ಇಲ್ಲ: ಲಾಕಿನ ನಾಲಿಗೆ ಬಿಡಿಸಲು ಮೊದಲು ಒಂದಿಷ್ಟು ಎತ್ತಬೇಕು, ಅದಕ್ಕೆ ಪಂಪು ಓಡಬೇಕು. ಮನೆಯ ಇನ್ವರ್ಟರ್ ಇಂಥ ಮೋಟಾರನ್ನು ಸ್ಟಾರ್ಟ್ ಮಾಡಲಾರದು. ಕೈಪಂಪು ಜೋಡಿಸಬಹುದಾದ ಮಾದರಿ ಹಳ್ಳಿಗೆ ಹೆಚ್ಚು ಉಪಯುಕ್ತ.

ಶೆಡ್ಡು ಕಟ್ಟಲು ಪಂಚಾಯಿತಿಯ ಅನುಮತಿ ಬೇಕು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ 1993ರ 64ನೇ ಪ್ರಕರಣ ಕಟ್ಟಡಗಳಿಗೂ, 66ನೇ ಪ್ರಕರಣ ಕಾರ್ಖಾನೆ ಮತ್ತು ಯಂತ್ರ ಸ್ಥಾಪನೆಗೂ ಸಂಬಂಧಿಸಿದೆ. ನಗರಾಭಿವೃದ್ಧಿ ಪ್ರಾಧಿಕಾರದ ಯೋಜನಾ ಪ್ರದೇಶದೊಳಗಿನ ಜಾಗವಾದರೆ ಅಲ್ಲಿಯೂ ಕೇಳಬೇಕು. ಹೊಲದಲ್ಲಿ ಕಟ್ಟುವುದಾದರೆ ಭೂಪರಿವರ್ತನೆಯ ಪ್ರಶ್ನೆ ಬರುತ್ತದೆ. ಸ್ವಂತ ಗಾಡಿಗಷ್ಟೇ ಬಳಸುವುದು ಒಂದು, ಹಣ ಪಡೆದು ಬೇರೆಯವರ ಗಾಡಿ ಎತ್ತುವುದು ಇನ್ನೊಂದು. ಎರಡನೆಯದಕ್ಕೆ ವ್ಯಾಪಾರ ಪರವಾನಗಿ, ಗೃಹಬಳಕೆಯದಲ್ಲದ ವಿದ್ಯುತ್ ಸಂಪರ್ಕ, ವಿಮೆ ಎಲ್ಲವೂ ಬೇಕು. ಬಸಿದ ಎಂಜಿನ್ ಆಯಿಲನ್ನು ಹಿತ್ತಲಿಗೆ ಸುರಿಯುವುದೋ ಗೆದ್ದಲಿಗೆಂದು ಮರಕ್ಕೆ ಬಳಿಯುವುದೋ ಹಳೆಯ ಅಭ್ಯಾಸ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ನೋಂದಾಯಿತ ಸಂಗ್ರಾಹಕರಿಗೆ ಹೋಗಬೇಕಾದ ವಸ್ತು.

ಯಂತ್ರದ ಆಯ್ಕೆ

ಸ್ವಿಫ್ಟ್ ತೂಗುವುದು 900 ಕೆ.ಜಿ. ಆಸುಪಾಸು, ಇನ್ನೋವಾ ಕ್ರಿಸ್ಟಾ 1.8 ಟನ್ ಆಸುಪಾಸು, ಫಾರ್ಚೂನರ್ 2 ಟನ್ ದಾಟುತ್ತದೆ. ಹೀಗಾಗಿ ಮನೆಬಳಕೆಗೆ 4 ಟನ್ ಲಿಫ್ಟ್ ಧಾರಾಳ. ಆದರೆ ಈ ಅಂಕಿ ನಾಲ್ಕೂ ತೋಳುಗಳಿಗೆ ಸೇರಿ ಹೇಳಿದ್ದು. ಒಂದೊಂದು ತೋಳಿನ ಪಾಲು ಒಂದೇ ಟನ್. ಹಿಂದೆ ಸಿಮೆಂಟು ಮೂಟೆ ಹೇರಿದ ಪಿಕಪ್ಪನ್ನು ಎತ್ತಿದರೆ ಒಟ್ಟು ಭಾರ ಮಿತಿಯೊಳಗಿದ್ದರೂ ಹಿಂದಿನ ತೋಳುಗಳ ಮಿತಿ ಮೀರಬಹುದು. ತೋಳು ತಾನಾಗಿ ತಿರುಗದಂತೆ ಹಿಡಿಯುವ ಹಲ್ಲುಚಕ್ರ, ಎರಡೂ ಕಂಬಗಳಲ್ಲಿ ಲಾಕು, ಪೈಪು ಒಡೆದರೆ ಎಣ್ಣೆಯನ್ನು ತಡೆಯುವ ವಾಲ್ವು ಇವೆಯೇ ಎಂದು ನೋಡಬೇಕು. ಯುರೋಪಿನ ಇಎನ್ 1493 ಮಾನಕದಂತೆ ಪರೀಕ್ಷೆಯಾಗಿದೆಯೆಂಬ ಪ್ರಮಾಣಪತ್ರ ಇದ್ದರೆ ಅದರ ಪ್ರತಿ ಕೇಳಿ ಪಡೆಯಬೇಕು. ಸೆಕೆಂಡ್ ಹ್ಯಾಂಡ್ ಲಿಫ್ಟ್ ಅಗ್ಗಕ್ಕೆ ಸಿಕ್ಕರೂ ಕೈಪಿಡಿ ಇಲ್ಲದಿದ್ದರೆ, ಕಂಬಕ್ಕೆ ಬೆಸುಗೆಯ ತೇಪೆ ಬಿದ್ದಿದ್ದರೆ ಬೇಡ.

ನಿಲ್ಲಿಸುವ ಕ್ರಮ

ಕಂಬ, ತೋಳು, ಪಂಪು ಎಲ್ಲ ಸೇರಿ ಅರ್ಧ ಟನ್ನಿಗೂ ಹೆಚ್ಚು ತೂಕ. ಪಿಕಪ್ಪಿನಿಂದ ನಾಲ್ಕಾಳು ಕೈಗೊಟ್ಟು ಇಳಿಸುವಾಗ ಅಡಿಗೆ ಸಿಕ್ಕಿ ಕಾಲು ಜಜ್ಜಿಸಿಕೊಂಡವರಿದ್ದಾರೆ. ಚೈನ್ ಬ್ಲಾಕೋ ಟ್ರಾಕ್ಟರಿನ ಲೋಡರೋ ಇದ್ದರೆ ಕೆಲಸ ನಿರಾಳ.

ಮೊದಲು ಶೆಡ್ಡಿನ ನಡುಗೆರೆಯನ್ನು ಬಣ್ಣದ ದಾರದಿಂದ ನೆಲದ ಮೇಲೆ ಹೊಡೆಯಬೇಕು. ಅದಕ್ಕೆ ಲಂಬವಾಗಿ ಕಂಬಗಳ ಗೆರೆ. ಎರಡೂ ಅಡಿತಟ್ಟೆಗಳ ಮೂಲೆಯಿಂದ ಮೂಲೆಗೆ ಅಳೆದ ಕರ್ಣಗಳು ಸಮವಾಗಿದ್ದರೆ ಕಂಬಗಳು ಒಂದಕ್ಕೊಂದು ನೇರ ಎದುರಾಗಿವೆ ಎಂದರ್ಥ. ಕಾಂಕ್ರೀಟಿನ ಅಂಚಿಗಾಗಲಿ ಕೂಡಿಗೆಗಾಗಲಿ ಬೋಲ್ಟು ಅರ್ಧ ಅಡಿಗಿಂತ ಹತ್ತಿರ ಬರಬಾರದು. ಎರಡೂ ನೆಲೆಗಳ ಮಟ್ಟವನ್ನು ನೀರು ತುಂಬಿದ ಲೆವೆಲ್ ಪೈಪಿನಿಂದ ನೋಡಿ, ತಗ್ಗಿದ್ದ ಕಡೆ ಉಕ್ಕಿನ ತಗಡು ಕೊಡಬೇಕು. ಮರದ ಚೂರು, ಗಾರೆ ಯಾವುದೂ ನಡೆಯದು. ತಗಡಿನ ಒಟ್ಟು ದಪ್ಪ ಅರ್ಧ ಅಂಗುಲ ಮೀರುವಂತಿದ್ದರೆ ನೆಲವನ್ನೇ ಸರಿಪಡಿಸಬೇಕು. ಪಂಪು ಕೂರುವ ಕಂಬವನ್ನು ಮೊದಲು ನಿಲ್ಲಿಸಿ, ತೂಕಗುಂಡು ಮತ್ತು ರಸಮಟ್ಟದಿಂದ ಎರಡೂ ದಿಕ್ಕಿನಲ್ಲಿ ನೆಟ್ಟಗಿದೆಯೇ ಎಂದು ನೋಡಿದ ಮೇಲೆ ಡ್ರಿಲ್ಲಿಂಗ್.

ಇಡೀ ಕೆಲಸದಲ್ಲಿ ಅತಿ ಸಣ್ಣದು, ಅತಿ ಮುಖ್ಯವಾದದ್ದು ಈ ತೂತು. ಅಡಿತಟ್ಟೆಯ ತೂತನ್ನೇ ದಾರಿಯಾಗಿಟ್ಟುಕೊಂಡು ರೋಟರಿ ಹ್ಯಾಮರಿನಿಂದ, ಬೋಲ್ಟಿನಷ್ಟೇ ವ್ಯಾಸದ ಹೊಸ ಬಿಟ್ಟಿನಿಂದ ನೆಟ್ಟಗೆ ಕೊರೆಯಬೇಕು. ಸವೆದ ಬಿಟ್ಟಿನ ತೂತು ಬಿಗಿಯಾಗಿ ಬೋಲ್ಟು ಅರ್ಧಕ್ಕೇ ನಿಲ್ಲುತ್ತದೆ. ಅಲ್ಲಾಡಿಸಿ ಕೊರೆದ ತೂತು ಸಡಿಲವಾಗುತ್ತದೆ. ಕೊರೆದ ಮೇಲೆ ತಳದಲ್ಲಿ ಬಿಳಿ ಪುಡಿ ತುಂಬಿರುತ್ತದೆ. ಬ್ರಷ್ ಆಡಿಸಿ, ಗಾಳಿ ಊದಿ, ಮತ್ತೆ ಬ್ರಷ್ ಆಡಿಸಿ ಅದನ್ನು ಪೂರಾ ತೆಗೆಯಬೇಕು. ಇಲ್ಲಿ ಹಾಕುವ ವೆಡ್ಜ್ ಬೋಲ್ಟಿನ ತುದಿಯಲ್ಲಿ ಉಕ್ಕಿನ ಬಳೆಯೊಂದಿದೆ. ನಟ್ಟು ಬಿಗಿದಂತೆ ಬೋಲ್ಟು ಮೇಲೆಳೆಯಲ್ಪಟ್ಟು, ಅದರ ದಪ್ಪ ತುದಿ ಬಳೆಯನ್ನು ಅರಳಿಸಿ ಕಾಂಕ್ರೀಟಿಗೆ ಒತ್ತುತ್ತದೆ. ನಡುವೆ ಪುಡಿಯಿದ್ದರೆ ಬಳೆ ಪುಡಿಯನ್ನೇ ಕಚ್ಚಿ ಜಾರುತ್ತದೆ. ಬಿಗಿಯಲು ಟಾರ್ಕ್ ಪಾನಾ ಬೇಕೇ ಬೇಕು. 19 ಮಿ.ಮೀ. ಬೋಲ್ಟಿಗೆ ಹಲವು ತಯಾರಕರು 200 ನ್ಯೂಟನ್-ಮೀಟರ್ ಹೇಳುತ್ತಾರೆ. ಆಯಾ ಲಿಫ್ಟಿನ ಕೈಪಿಡಿ ಹೇಳಿದ್ದೇ ಅಂತಿಮ. ಆ ಬಿಗಿ ಮುಟ್ಟದೆ ನಟ್ಟು ಸುತ್ತುತ್ತಲೇ ಇದ್ದರೆ ಕಾಂಕ್ರೀಟ್ ಸೋತಿದೆ ಎಂದೇ ತಿಳಿಯಬೇಕು.

ಮೊದಲ ಕಂಬ ಬಿಗಿಯಾದ ಮೇಲೆ ಎರಡನೆಯದು, ನಂತರ ಹಗ್ಗ, ಪೈಪು, ಪಂಪು, ತೋಳು. ಪೈಪುಗಳ ಬಾಯಿಗೆ ಧೂಳು ಹೋಗದಂತೆ ಕೊನೆಯ ಗಳಿಗೆಯವರೆಗೆ ಮುಚ್ಚಳ ಇರಲಿ. ಡಬ್ಬಕ್ಕೆ ಸುಮಾರು 10 ಲೀಟರ್ ಹೈಡ್ರಾಲಿಕ್ ಎಣ್ಣೆ ಹಿಡಿಯುತ್ತದೆ. ಕೈಪಿಡಿ 32 ಮತ್ತು 46 ಎರಡೂ ದರ್ಜೆಗಳನ್ನು ಒಪ್ಪಿದ್ದರೆ ಬಯಲುಸೀಮೆಯ ಬಿಸಿಲಿಗೆ ತುಸು ದಪ್ಪನೆಯ 46 ಹೊಂದುತ್ತದೆ. ಕಾರಿಲ್ಲದೆ ಹಲವು ಬಾರಿ ಪೂರ್ತಿ ಏರಿಸಿ ಇಳಿಸಿ ಸಿಲಿಂಡರಿನೊಳಗಿನ ಗಾಳಿಯನ್ನು ಹೊರಹಾಕಬೇಕು. ಎರಡೂ ಕಂಬಗಳ ‘ಟಕ್’ ಸದ್ದು ಒಟ್ಟಿಗೇ ಕೇಳುವವರೆಗೆ ಹಗ್ಗಗಳ ಬಿಗಿಯನ್ನು ಸರಿಹೊಂದಿಸಬೇಕು. ಮೊದಲ ಬಾರಿ ಭಾರ ಎತ್ತಿ ಇಳಿಸಿದ ಮೇಲೆ ಎಲ್ಲ ಬೋಲ್ಟುಗಳ ಬಿಗಿಯನ್ನು ಮತ್ತೆ ನೋಡಬೇಕು.

ಕಾರು ಎತ್ತುವ ರೀತಿ

ಲಿಫ್ಟ್ ಗಟ್ಟಿಯಿದ್ದೂ ಕಾರು ಬೀಳುವುದು ತೋಳಿಟ್ಟ ಜಾಗ ತಪ್ಪಿದಾಗ. ಚಾಸಿ ಬೇರೆ, ಬಾಡಿ ಬೇರೆ ಇರುವ ಬೊಲೆರೊದಂಥ ಗಾಡಿಗಳಲ್ಲಿ ಪ್ಯಾಡು ಚಾಸಿಯ ಉದ್ದತೊಲೆಗೆ ತಾಗಬೇಕು. ಚಿಕ್ಕ ಕಾರುಗಳಲ್ಲಿ ಬಾಗಿಲಡಿಯ ಅಂಚಿನಲ್ಲಿ ಜಾಕಿಗೆಂದು ಗಟ್ಟಿಮಾಡಿದ ನಾಲ್ಕು ಜಾಗಗಳಿರುತ್ತವೆ, ಗಾಡಿಯ ಪುಸ್ತಕ ಅವನ್ನು ತೋರಿಸುತ್ತದೆ. ಎಂಜಿನ್ನಿನ ಆಯಿಲ್ ತಟ್ಟೆ, ತುಕ್ಕು ಹಿಡಿದ ತಗಡು, ಎಲೆಕ್ಟ್ರಿಕ್ ಕಾರಿನ ನೆಲದಡಿಯ ಬ್ಯಾಟರಿ ಪೆಟ್ಟಿಗೆ ಇವಕ್ಕೆ ಪ್ಯಾಡು ಮುಟ್ಟಲೇಬಾರದು.

ಮುಂದೆ ಎಂಜಿನ್ನಿರುವ ಕಾರಿನಲ್ಲಿ ಭಾರದ ಕೇಂದ್ರ ನಡುವಿಗಿಂತ ಮುಂದಿರುತ್ತದೆ. ಅದು ಕಂಬಗಳ ಗೆರೆಗೆ ಬರುವಂತೆ ಕಾರು ನಿಲ್ಲಿಸಬೇಕು. ಚಕ್ರ ನೆಲ ಬಿಟ್ಟು ಒಂದು ಗೇಣು ಏರಿದಾಗ ನಿಲ್ಲಿಸಿ, ಮುಂದಿನ ಹಿಂದಿನ ಬಂಪರನ್ನು ಕೈಯಿಂದ ಅಲ್ಲಾಡಿಸಿ ನೋಡುವುದು ಕಡ್ಡಾಯ. ಓಲಾಡಿದರೆ ಇಳಿಸಿ ತೋಳು ಸರಿಸಬೇಕು. ಎತ್ತಿದ ಮೇಲೆ ಎಂಜಿನ್ನನ್ನೋ ಹಿಂದಿನ ಆಕ್ಸಲನ್ನೋ ಇಳಿಸಿದರೆ ಭಾರದ ಕೇಂದ್ರ ಜಾಗ ಬದಲಿಸುತ್ತದೆ. ಅಂಥ ಕೆಲಸದಲ್ಲಿ ಹಗುರಾಗುವ ತುದಿ ಮೇಲೇಳದಂತೆ, ಭಾರವಾಗುವ ತುದಿಯಡಿ ಎತ್ತರದ ಸ್ಟ್ಯಾಂಡ್ ಕೊಡಬೇಕು. ಲಿಫ್ಟ್ ಚಲಿಸುವಾಗ ಕಾರಿನೊಳಗೆ ಯಾರೂ ಇರಬಾರದು. ಮನೆಯಂಗಳವೆಂದ ಮೇಲೆ ಮಕ್ಕಳು, ನಾಯಿ, ಕೋಳಿ ಓಡಾಡುವುದು ಸಹಜ. ಶೆಡ್ಡಿಗೆ ಗೇಟು, ಸ್ವಿಚ್ಚಿಗೆ ಬೀಗ ಇರಲೇಬೇಕು.

ನಿಗಾ

ಕಂಬದೊಳಗೆ ಗಾಡಿ ಜಾರುವ ಪಟ್ಟಿಗಳಿಗೆ ಗ್ರೀಸು, ಚೈನಿಗೆ ಎಣ್ಣೆ ತಿಂಗಳಿಗೊಮ್ಮೆ ಬೇಕು. ಹೆದ್ದಾರಿಯ ಧೂಳು ಗ್ರೀಸಿಗೆ ಅಂಟಿ ಉಪ್ಪುಕಾಗದದಂತೆ ಪಟ್ಟಿಗಳನ್ನು ತೇಯುವುದರಿಂದ ಹಳೆಯದನ್ನು ಒರೆಸಿಯೇ ಹೊಸದು ಹಾಕಬೇಕು. ಹಗ್ಗದ ಎಳೆಗಳು ತುಂಡಾಗಿ ಮುಳ್ಳಿನಂತೆ ಎದ್ದಿದ್ದರೆ ಆ ಹಗ್ಗವನ್ನು ಬದಲಿಸಬೇಕು. ರಬ್ಬರ್ ಪ್ಯಾಡು ಸವೆದು ಉಕ್ಕು ಕಂಡರೆ ಕಾರು ಜಾರುತ್ತದೆ. ಎತ್ತಿಟ್ಟ ಕಾರು ಲಾಕಿಗೆ ಕೂರಿಸುವ ಮುನ್ನವೇ ನಿಧಾನಕ್ಕೆ ಇಳಿಯುತ್ತಿದ್ದರೆ ಸಿಲಿಂಡರಿನ ಸೀಲೋ ಪಂಪಿನ ವಾಲ್ವೋ ಸೋರುತ್ತಿದೆ. ವರ್ಷಕ್ಕೊಮ್ಮೆ ತಿಳಿದವರಿಂದ ಪೂರ್ತಿ ತಪಾಸಣೆ ಮಾಡಿಸಿ ದಿನಾಂಕ ಬರೆದಿಡುವುದು ಅಮೆರಿಕ, ಯುರೋಪಿನ ಗ್ಯಾರೇಜುಗಳ ಪದ್ಧತಿ. ಮನೆಯ ಶೆಡ್ಡಿಗೂ ಅದು ತಕ್ಕದ್ದೇ.

ಬೋಲ್ಟುಗಳ ಬಿಗಿಯನ್ನು ಮೊದಲ ವರ್ಷ ಮೂರು ತಿಂಗಳಿಗೊಮ್ಮೆಯಾದರೂ ಟಾರ್ಕ್ ಪಾನಾ ಹಿಡಿದು ನೋಡಬೇಕು. ಎರೆಭೂಮಿಯಲ್ಲಾದರೆ ಮುಂಗಾರು ಮುಗಿದ ಮೇಲೊಮ್ಮೆ, ಬೇಸಗೆಯ ಕೊನೆಗೊಮ್ಮೆ ತೂಕಗುಂಡು ಇಳಿಬಿಟ್ಟು ಕಂಬ ನೆಟ್ಟಗಿದೆಯೇ ಎಂದೂ ಪರೀಕ್ಷಿಸಬೇಕು. ಒಮ್ಮೆ ಬಿಗಿದ ಬೋಲ್ಟು ಮತ್ತೆ ಮತ್ತೆ ಸಡಿಲವಾಗುತ್ತಿದ್ದರೆ, ಅಡಿತಟ್ಟೆಯ ಸುತ್ತ ಕಾಂಕ್ರೀಟ್ ಬಿರಿದಿದ್ದರೆ, ಭಾರ ಎತ್ತಿದಾಗ ಹಿಂದಿನ ಅಂಚು ನೆಲ ಬಿಟ್ಟು ಏಳುತ್ತಿದ್ದರೆ ಉದ್ದದ ಬೋಲ್ಟು ಹಾಕಿಯೋ ಮೇಲೆ ಗಾರೆ ಸುರಿದೋ ಪ್ರಯೋಜನವಿಲ್ಲ. ಲಿಫ್ಟ್ ಬಿಚ್ಚಿ, ನೆಲ ಒಡೆದು, ಪಟ್ಟಿಯನ್ನು ಹೊಸದಾಗಿ ಹಾಕಿ, ಮತ್ತೆ 28 ದಿನ ಕಾದ ನಂತರವೇ ಕಾರು ಎತ್ತಬೇಕು.